ಅರಸಿನ ಹಾಲು ಇರಲಿ, ಬೋರ್ಡು ಬೇಡ



ಕೊರೋನಾ ಬಂದ ಮೇಲೆ ನಮ್ಮ ಹೋಟೆಲುಗಳಲ್ಲಿ ಅರಸಿನ ಹಾಲಿಗೆ ಬೇಡಿಕೆ ಹೆಚ್ಚಿತು. ನಾನೂ ಕಾಳುಮೆಣಸು ಹಾಕಿಸಿ ಮಾಡಿಸಿದೆ. ಗಲ್ಲಾದ ಹಿಂದೆ 'ಕರುಳಿನ ಕ್ಯಾನ್ಸರ್ ತಡೆಯುತ್ತದೆ' ಎಂದು ಬೋರ್ಡನ್ನೂ ಹಾಕಿಸಿದೆ. ಈಗ ಆ ಬೋರ್ಡು ಇಲ್ಲ. ಕಾರಣ ಹೇಳುತ್ತೇನೆ.

ನಮ್ಮ ಹಳೆಯ ಗಿರಾಕಿಯೊಬ್ಬರಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಖಾರ ಜಾಸ್ತಿಯಾಗಿ ಮೂಲವ್ಯಾಧಿ ಆಗಿರಬೇಕು ಎಂದುಕೊಂಡು ಅವರು ಖಾರ ಬಿಟ್ಟರು, ಎಂಟು ತಿಂಗಳು ಅರಸಿನ ಹಾಲು ಕುಡಿದರು. ಕೊನೆಗೆ ಡಾಕ್ಟರಿಗೆ ತೋರಿಸಿದಾಗ ದೊಡ್ಡ ಕರುಳಿನಲ್ಲಿ ಗಡ್ಡೆ. ಆಪರೇಷನ್ ಆಗಿ ಈಗ ಕೀಮೋ ನಡೆಯುತ್ತಿದೆ. ನೋಡಲು ಹೋದಾಗ, "ಅಣ್ಣಾ, ನಿಮ್ಮ ಬೋರ್ಡು ನೋಡಿ ಧೈರ್ಯವಾಗಿದ್ದೆ" ಎಂದರು. ಅವರು ಬೈಯಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಪರಿಚಯದ ಡಾಕ್ಟರೊಬ್ಬರನ್ನು ಕೇಳಿ ತಿಳಿದುಕೊಂಡದ್ದು ಇಷ್ಟು. ಅರಸಿನದ ಬಣ್ಣಕ್ಕೆ ಕಾರಣವಾದ ವಸ್ತು ಕರ್ಕ್ಯುಮಿನ್. ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಹೆಚ್ಚಿನದು ಕರುಳಿನಲ್ಲೇ ಹಾದು ಹೋಗುತ್ತದೆ. ಹಾಗಾಗಿಯೇ ವಿಜ್ಞಾನಿಗಳು ಕರುಳಿನ ಕ್ಯಾನ್ಸರ್ ವಿಷಯದಲ್ಲಿ ಅದನ್ನು ಪರೀಕ್ಷಿಸುತ್ತಾರೆ. ಅದರೊಂದಿಗೆ ಕಾಳುಮೆಣಸಿನ ಪೈಪರಿನ್ ಕೊಟ್ಟರೆ ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಹೆಚ್ಚುತ್ತದೆ ಎಂದು 1998ರಲ್ಲಿ ತೋರಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ.

2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಪರೀಕ್ಷೆಯಲ್ಲಿ, ಸಿಗರೇಟ್ ಸೇದುವವರಿಗೆ ದಿನಕ್ಕೆ 4 ಗ್ರಾಂ ಕರ್ಕ್ಯುಮಿನ್ ಒಂದು ತಿಂಗಳು ಕೊಟ್ಟಾಗ ಕರುಳಿನ ಆರಂಭದ ದೋಷದ ಗುರುತುಗಳು ಶೇ. 40 ಕಡಿಮೆಯಾದವು. 2 ಗ್ರಾಂ ಕೊಟ್ಟವರಲ್ಲಿ ಕಡಿಮೆಯಾಗಲಿಲ್ಲ. ಆದರೆ ವಂಶದಿಂದ ಕರುಳಿನಲ್ಲಿ ಗಂಟು ಬರುವ 44 ರೋಗಿಗಳ ಪರೀಕ್ಷೆ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ದಿನಕ್ಕೆ 3 ಗ್ರಾಂನಂತೆ ಒಂದು ವರ್ಷ ಕೊಟ್ಟರೂ ಏನೂ ವ್ಯತ್ಯಾಸ ಕಾಣಲಿಲ್ಲ.

ಈಗ ನಮ್ಮ ಲೆಕ್ಕ ಹಾಕಿ. ಅರಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3. ಅಂದರೆ 4 ಗ್ರಾಂ ಬೇಕಾದರೆ ದಿನಕ್ಕೆ 130 ಗ್ರಾಂ ಪುಡಿ ತಿನ್ನಬೇಕು! ನಾವು ಒಂದು ಗ್ಲಾಸಿಗೆ ಹಾಕುವುದು ಒಂದು ಚಿಟಿಕೆ.

ಕಾನೂನನ್ನೂ ಮರೆಯಬಾರದು. ಆಹಾರದಿಂದ ರೋಗ ವಾಸಿಯಾಗುತ್ತದೆ, ತಡೆಯುತ್ತದೆ ಎಂದು ಹೇಳುವುದಕ್ಕೆ ಎಫ್‌ಎಸ್‌ಎಸ್‌ಎಐ 2018ರ ನಿಯಮದಲ್ಲಿ ಅವಕಾಶವಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ ದಂಡವಿದೆ.

ಹಾಗಾದರೆ ನಮ್ಮ ಕೈಯಲ್ಲಿ ಏನಿದೆ? ಅಗ್ಗದ ಬಿಡಿ ಅರಸಿನ ಪುಡಿಗೆ ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವವರಿದ್ದಾರೆ. ಅದು ವಿಷ. ಕೊಂಬು ತಂದು ಪುಡಿ ಮಾಡಿಸಿ, ಇಲ್ಲವೇ ಆಗ್‌ಮಾರ್ಕ್ ಇರುವ ಪ್ಯಾಕೆಟ್ ಕೊಳ್ಳಿ. ನಾರಿನ ಅಂಶ ಕರುಳಿಗೆ ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ಸಾಂಬಾರಿನಲ್ಲಿ ಬೇಳೆ, ತರಕಾರಿ ಕಡಿಮೆ ಮಾಡಬೇಡಿ.

ಗಲ್ಲಾದಲ್ಲಿ ಕೂತ ನಮ್ಮ ಹತ್ತಿರ ಗಿರಾಕಿಗಳು ಮನೆ ಕಷ್ಟವನ್ನೂ ಹೇಳಿಕೊಳ್ಳುತ್ತಾರೆ. ಹೋಟೆಲಿನ ಹುಡುಗರೂ ಹೇಳುತ್ತಾರೆ. ಮಲದಲ್ಲಿ ರಕ್ತ ಎಂದು ಯಾರಾದರೂ ಹೇಳಿದರೆ, ಅಥವಾ ಮಲವಿಸರ್ಜನೆಯ ಅಭ್ಯಾಸ ಬದಲಾಗಿ ವಾರಗಟ್ಟಲೆ ಹಾಗೇ ಇದ್ದರೆ, ಮೊದಲು ಡಾಕ್ಟರ ಬಳಿ ಕಳಿಸಿ. ಹಾಲು ಆಮೇಲೆ ಕುಡಿಯಲಿ.