ಅರಿಶಿನದ ಸಾರಕ್ಕೊಂದು ಸೂಕ್ಷ್ಮ ಕವಚ

ನುಂಗಿದ ಔಷಧವೆಲ್ಲ ದೇಹದೊಳಗೆ ಸೇರಿತೆಂದು ನಾವು ಭಾವಿಸುವುದು ಸಹಜ. ಆದರೆ ಜೀರ್ಣನಾಳವು ದೇಹದ ನಡುವೆ ಹಾದುಹೋಗುವ ಒಂದು ಓಣಿಯಿದ್ದಂತೆ. ಓಣಿಯಲ್ಲಿ ನಡೆದವರೆಲ್ಲ ಮನೆಯೊಳಕ್ಕೆ ಬಂದವರಲ್ಲ. ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರಿದ ವಸ್ತುವೇ ನಿಜವಾಗಿ ಒಳಹೊಕ್ಕುದು. ನಮ್ಮ ಅಡಿಗೆಮನೆಯ ಅರಿಶಿನವೇ ಇದಕ್ಕೆ ನಿದರ್ಶನ.

ಅರಿಶಿನಕ್ಕೆ ಹಳದಿ ಬಣ್ಣವನ್ನು ಕೊಡುವ ವಸ್ತು ಕರ್ಕ್ಯುಮಿನ್. ಫೋಗಲ್ ಮತ್ತು ಪೆಲ್ಟಿಯೆ ಎಂಬವರು ಇದನ್ನು 1815ರಲ್ಲಿ ಬೇರ್ಪಡಿಸಿದರು. ಇದರ ಅಣುರಚನೆ ತಿಳಿದುಬಂದುದು 1910ರಲ್ಲಿ. ಜೀವಕೋಶಗಳಲ್ಲಿ ಆಮ್ಲಜನಕದ ಸಂಬಂಧದಿಂದ ಹುಟ್ಟುವ ಕೆಲವು ಉಗ್ರ ಕಣಗಳು ಕೊಬ್ಬು, ಪ್ರೋಟೀನುಗಳನ್ನು ಕೆಡಿಸುತ್ತವೆ. ಅವುಗಳನ್ನು ಶಮನಗೊಳಿಸುವ ವಸ್ತುಗಳಿಗೆ ಉತ್ಕರ್ಷಣ ನಿರೋಧಕಗಳೆಂದು ಹೆಸರು. ಪ್ರನಾಳದಲ್ಲಿ ಕರ್ಕ್ಯುಮಿನ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ದೇಹದಲ್ಲಿಯೂ ಮಾಡಬೇಕಾದರೆ ಅದು ಮೊದಲು ಅಲ್ಲಿಗೆ ತಲಪಬೇಕಷ್ಟೆ.

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಎನ್. ಚಂದ್ರಶೇಖರ ಪ್ರಮುಖರು. ಇಲಿಗಳಿಗೆ 400 ಮಿಲಿಗ್ರಾಮ್ ಕರ್ಕ್ಯುಮಿನನ್ನು ತಿನ್ನಿಸಿ ಅವರು ಪಡೆದ ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಹೃದಯದ ರಕ್ತದಲ್ಲಿ ಕರ್ಕ್ಯುಮಿನ್ ಕಾಣಸಿಗಲಿಲ್ಲ. 24 ಗಂಟೆಗಳ ಬಳಿಕವೂ ಕೊಟ್ಟುದರಲ್ಲಿ ಶೇಕಡ 38ರಷ್ಟು ಕರುಳಿನ ಕೆಳಭಾಗದಲ್ಲಿಯೇ ಉಳಿದಿತ್ತು.

ಇದಕ್ಕೆ ಕಾರಣಗಳು ಮೂರು. ಕರ್ಕ್ಯುಮಿನ್ ನೀರಿನಲ್ಲಿ ಬಹುಮಟ್ಟಿಗೆ ಕರಗದು. ಕ್ಷಾರಗುಣವುಳ್ಳ ದ್ರವದಲ್ಲಿ ಬೇಗನೆ ಒಡೆದುಹೋಗುವುದು. ಹೇಗೋ ಗೋಡೆಯನ್ನು ಹೊಕ್ಕರೂ ಕರುಳು ಮತ್ತು ಯಕೃತ್ತಿನ ಕಿಣ್ವಗಳು ಅದಕ್ಕೆ ಬೇರೆ ಅಣುಗಳನ್ನು ಜೋಡಿಸಿ ಹೊರದೂಡುವುವು.

ಈ ಕಾವಲುಗಾರರನ್ನು ಮಣಿಸುವುದು ಒಂದು ಉಪಾಯ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಇದನ್ನು ತೋರಿಸಿಕೊಟ್ಟರು. 2 ಗ್ರಾಮ್ ಕರ್ಕ್ಯುಮಿನನ್ನು ಮಾತ್ರ ಸೇವಿಸಿದವರ ರಕ್ತದಲ್ಲಿ ಅದು ಸಿಕ್ಕಿಯೂ ಸಿಗದಷ್ಟಿತ್ತು. ಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನನ್ನು 20 ಮಿಲಿಗ್ರಾಮಿನಷ್ಟು ಜೊತೆಗೆ ಕೊಟ್ಟಾಗ ರಕ್ತಕ್ಕೆ ಸೇರಿದ ಪ್ರಮಾಣವು ಶೇಕಡ 2,000ದಷ್ಟು ಹೆಚ್ಚಿತು. ಸಂಖ್ಯೆ ದೊಡ್ಡದು ನಿಜ. ಆದರೆ ಸೊನ್ನೆಗೆ ಸಮೀಪವಾದುದನ್ನು ಎಷ್ಟು ಪಟ್ಟು ಮಾಡಿದರೂ ಅದು ಅಲ್ಪವೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಲ್ಲದೆ, ಮಣಿದ ಕಾವಲುಗಾರನು ಬೇರೆ ಔಷಧಗಳನ್ನೂ ತಡೆಯಲಾರನು.

ಪ್ರಯಾಣಿಕನಿಗೇ ಕವಚ ತೊಡಿಸುವುದು ಎರಡನೆಯ ಉಪಾಯ. ಕವಚಕ್ಕೆ ಬೇಕಾದುದು ಪಾಲಿಮರ್, ಎಂದರೆ ಸಣ್ಣ ಅಣುಗಳು ಸರಪಳಿಯಂತೆ ಕೂಡಿದ ದೊಡ್ಡ ಅಣು. ಮೊಸರಿಗೆ ಹುಳಿಯನ್ನು ಕೊಡುವ ಲ್ಯಾಕ್ಟಿಕ್ ಆಮ್ಲ ಮತ್ತು ಗ್ಲೈಕಾಲಿಕ್ ಆಮ್ಲ ಸೇರಿ ಆದ ಪಾಲಿಮರು ಈ ಕೆಲಸಕ್ಕೆ ಹೆಸರಾಗಿದೆ. ಶಸ್ತ್ರಚಿಕಿತ್ಸೆಯಲ್ಲಿ ತಾನಾಗಿ ಕರಗುವ ಹೊಲಿಗೆದಾರಗಳಲ್ಲಿಯೂ ಇದೇ ಜಾತಿಯ ವಸ್ತುವುಂಟು. ಪಾಲಿಮರನ್ನೂ ಕರ್ಕ್ಯುಮಿನನ್ನೂ ಒಂದೇ ದ್ರಾವಕದಲ್ಲಿ ಕರಗಿಸಿ, ನೀರಿನೊಂದಿಗೆ ರಭಸದಿಂದ ಕಡೆದು, ದ್ರಾವಕವನ್ನು ಆವಿಯಾಗಿಸಿದರೆ ಸೂಕ್ಷ್ಮಕಣಗಳು ಉಳಿಯುವುವು. 200 ನ್ಯಾನೊಮೀಟರ್ ವ್ಯಾಸದ ಇಂತಹ 5,000 ಕಣಗಳನ್ನು ಸಾಲಾಗಿಟ್ಟರೆ ಒಂದು ಮಿಲಿಮೀಟರ್ ಆಗುವುದು! ಕವಚದೊಳಗಿನ ಕರ್ಕ್ಯುಮಿನ್ ಬೇಗ ಕೆಡದು, ಮೆಲ್ಲಮೆಲ್ಲನೆ ಹೊರಬರುವುದು. ಎಂ. ಎನ್. ವಿ. ರವಿಕುಮಾರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗದಲ್ಲಿ, ಪೈಪರೀನಿನೊಡನೆ ಕೊಟ್ಟಾಗಿನದಕ್ಕಿಂತ ಕನಿಷ್ಠ 9 ಪಟ್ಟು ಕರ್ಕ್ಯುಮಿನ್ ಈ ರೀತಿಯಲ್ಲಿ ರಕ್ತವನ್ನು ಸೇರಿತು.

ಇಂತಹ ಕಣಗಳ ತಯಾರಿಕೆ ಇಂದು ಫಾರ್ಮಸಿ ಪದವಿಯ ಪಾಠಕ್ರಮದಲ್ಲಿಯೇ ಸೇರಿದೆ. ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದಲ್ಲಿ ಶ್ರೀ ಆದಿಚುಂಚನಗಿರಿ ಫಾರ್ಮಸಿ ಕಾಲೇಜಿರುವುದರಿಂದ ಆ ಸೀಮೆಯ ಹಳ್ಳಿಯ ಹುಡುಗ ಹುಡುಗಿಯರಿಗೂ ಈ ವಿದ್ಯೆ ದೂರದ್ದಲ್ಲ.

ಆದರೆ ಬಾಗಿಲು ತೆರೆಯುವ ಮುನ್ನ ಒಂದು ವಿವೇಚನೆ ಅಗತ್ಯ. ಇಲಿಗೆ ಸಂದುದು ಮನುಷ್ಯನಿಗೂ ಸಲ್ಲುವುದೆಂದು ಹೇಳಲಾಗದು. ರಕ್ತವನ್ನು ಸೇರಿತೆಂದಮಾತ್ರಕ್ಕೆ ರೋಗ ಗುಣವಾಯಿತೆಂದೂ ಅಲ್ಲ. 2018–19ರಲ್ಲಿ ಇಟಲಿಯಲ್ಲಿ ಅರಿಶಿನದ ಸಾರದ ಗುಳಿಗೆಗಳನ್ನು ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತ ಕಾಣಿಸಿಕೊಂಡಿತು. ಹೆಚ್ಚು ಹೀರಲ್ಪಡುವಂತೆ ಸಿದ್ಧಪಡಿಸಿದ ಗುಳಿಗೆಗಳೂ ಅವುಗಳಲ್ಲಿದ್ದುವು. ಸಾರಿನಲ್ಲಿರುವ ಚಿಟಿಕೆ ಅರಿಶಿನದ ಮಾತು ಬೇರೆ, ಸಾಂದ್ರವಾದ ಗುಳಿಗೆಯ ಮಾತು ಬೇರೆ. ಕರುಳಿನ ಕಾವಲು ನಮ್ಮ ರಕ್ಷಣೆಗಾಗಿಯೇ ಇರುವುದು. ಅದನ್ನು ದಾಟಿಸುವ ವಿದ್ಯೆಯನ್ನು ಕಲಿತವರು, ಯಾವುದನ್ನು, ಎಷ್ಟು, ಯಾರಿಗಾಗಿ ದಾಟಿಸಬೇಕೆಂಬುದನ್ನೂ ಪ್ರಯೋಗದಿಂದಲೇ ಅರಿಯಬೇಕು.