ವೈದ್ಯವಿದ್ಯೆಗೆ ಮುಂಚೆ ರೋಗಿಗಳ ಪರಿಚಯ

"ನಾನು ಡಾಕ್ಟರಾಗುವೆನು" ಎಂದು ಮಗಳೊಬ್ಬಳು ಹೇಳದಿರುವ ಮನೆ ನಮ್ಮ ಶಾಲೆಯ ಬಳಗದಲ್ಲಿ ವಿರಳವೆಂದೇ ಹೇಳಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸಂಸಾರ ಹೂಡಿರುವರು. ಅವರ ಹೆಣ್ಣುಮಕ್ಕಳು ಅಲ್ಲಿಯೇ ವಿಶ್ವವಿದ್ಯಾನಿಲಯವನ್ನು ಸೇರುವ ವಯಸ್ಸಿಗೆ ಬಂದಿರುವರು. ಆ ದೇಶದಲ್ಲಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವವರಿಂದ ಪರೀಕ್ಷೆಯ ಅಂಕಗಳಲ್ಲದೆ ಮತ್ತೊಂದನ್ನೂ ಅಪೇಕ್ಷಿಸುವರೆಂದು ತಿಳಿದಾಗ ತಂದೆತಾಯಿಗಳು ಬೆರಗಾಗುವುದುಂಟು. ರೋಗಿಗಳ ಬಳಿಯಲ್ಲಿ ಕಳೆದ ಕಾಲವೇ ಆ ಮತ್ತೊಂದು. ಅದಕ್ಕೆ ಅಲ್ಲಿ ಕ್ಲಿನಿಕಲ್ ಅನುಭವವೆಂದು ಹೆಸರು. ಅದು ಎಂಥದು, ಏಕೆ ಬೇಕು, ಹೇಗೆ ದೊರೆಯುತ್ತದೆ, ಅದರಲ್ಲಿ ಸಲ್ಲದ್ದು ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಎರಡು ದೇಶಗಳ ಕ್ರಮದಲ್ಲಿರುವ ಭೇದವನ್ನು ತಿಳಿಯಬೇಕು. ನಮ್ಮಲ್ಲಿ ಹನ್ನೆರಡನೆಯ ತರಗತಿಯನ್ನು ಮುಗಿಸಿದ ಹುಡುಗಿಯು ನೀಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತಕ್ಕ ಸ್ಥಾನವನ್ನು ಪಡೆದರೆ ನೇರವಾಗಿ ಎಂ.ಬಿ.ಬಿ.ಎಸ್. ತರಗತಿಗೆ ಸೇರುವಳು. ಅಮೆರಿಕದಲ್ಲಿ ಹಾಗಲ್ಲ. ಮೊದಲು 4 ವರ್ಷ ಕಾಲೇಜಿನಲ್ಲಿ ಓದಿ ಪದವಿಯನ್ನು ಪಡೆಯಬೇಕು. ಅದರೊಳಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮುಂತಾದ ವಿಷಯಗಳನ್ನು ಪೂರೈಸಿ, ಎಂ.ಸಿ.ಎ.ಟಿ. ಎಂಬ ಪ್ರವೇಶ ಪರೀಕ್ಷೆಯನ್ನು ಕೊಡಬೇಕು. ಅನಂತರ 4 ವರ್ಷ ವೈದ್ಯಕೀಯ ಕಾಲೇಜು. ಅದಾದ ಮೇಲೆ ಆಯ್ದ ವಿಭಾಗಕ್ಕೆ ತಕ್ಕಂತೆ 3 ರಿಂದ 7 ವರ್ಷಗಳ ಆಸ್ಪತ್ರೆಯ ಶಿಕ್ಷಣ. ಮೊದಲಿನ ಆ 4 ವರ್ಷಗಳಲ್ಲಿ ವೈದ್ಯವೃತ್ತಿಯ ಗುರಿಯಿಟ್ಟುಕೊಂಡವರನ್ನು ಪ್ರಿ-ಮೆಡಿಕಲ್ ವಿದ್ಯಾರ್ಥಿಗಳೆಂದು ಕರೆಯುವರು.

ಪದವಿಯಾದ ಮೇಲೆಯೇ ವೈದ್ಯವಿದ್ಯೆ ಎಂಬ ಈ ನಿಯಮದ ಹಿಂದೆ ಹೆಣ್ಣುಮಗಳೊಬ್ಬಳ ಕೈ ಇತ್ತೆಂಬುದನ್ನು ನಮ್ಮ ಓದುಗರು ಸಂತೋಷದಿಂದ ತಿಳಿಯುವರು. ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯವು ವೈದ್ಯಶಾಲೆಯನ್ನು ತೆರೆಯಲು ಹಣವಿಲ್ಲದೆ ನಿಂತಿದ್ದಾಗ, ಮೇರಿ ಎಲಿಜಬೆತ್ ಗ್ಯಾರೆಟ್ ಎಂಬ ಮಹಿಳೆಯು 3 ಲಕ್ಷ ಡಾಲರಿಗೂ ಮಿಕ್ಕ ಧನವನ್ನು ಕೊಡಲೊಪ್ಪಿ, ಸ್ತ್ರೀಯರನ್ನು ಪುರುಷರಿಗೆ ಸಮಾನವಾಗಿ ಸೇರಿಸಿಕೊಳ್ಳಬೇಕು, ಪದವೀಧರರನ್ನು ಮಾತ್ರ ಸೇರಿಸಿಕೊಳ್ಳಬೇಕು ಎಂಬ ನಿಬಂಧನೆಗಳನ್ನು ಹಾಕಿದಳು. 1893ರಲ್ಲಿ ತೆರೆದ ಆ ಶಾಲೆಯು ಉಳಿದವುಗಳಿಗೆ ಮಾದರಿಯಾಯಿತು.

ಹೀಗೆ ದೊರೆತ 4 ವರ್ಷಗಳು ಓದಿಗೆ ಹೇಗೋ ಹಾಗೆಯೇ ಆತ್ಮಪರೀಕ್ಷೆಗೂ ಅವಕಾಶವನ್ನು ಕೊಡುತ್ತವೆ. ರಕ್ತ, ನೋವು, ದುರ್ಗಂಧ, ಕೋಪಗೊಂಡ ರೋಗಿ, ಅಳುವ ಬಂಧುಗಳು, ಯಾವ ಔಷಧಕ್ಕೂ ಬಗ್ಗದ ರೋಗ, ಇವುಗಳ ನಡುವೆ ದಿನಗಳೆಯುವುದು ತನಗೆ ಒಗ್ಗುವುದೇ ಎಂಬುದನ್ನು ಪುಸ್ತಕದಿಂದ ತಿಳಿಯಲಾಗದು. ವೆಲ್ಲೂರಿನ ಐಡಾ ಸ್ಕಡರ್ ಅವರ ವೃತ್ತಾಂತವನ್ನು ನಮ್ಮ ಶಾಲೆಯಲ್ಲಿ ಓದಿದವರಿಗೆ ಹೇಳಬೇಕಾದುದಿಲ್ಲ. ವೈದ್ಯರ ಮನೆಯಲ್ಲಿಯೇ ಹುಟ್ಟಿದ್ದರೂ ಆಕೆಗೆ ಆ ವೃತ್ತಿಯ ಮೇಲೆ ಮನಸ್ಸಿರಲಿಲ್ಲ. ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಪ್ರಸವವೇದನೆಯ ಸ್ತ್ರೀಯರಿಗಾಗಿ ಕರೆ ಬಂದು, ಪುರುಷ ವೈದ್ಯನನ್ನು ಒಳಗೆ ಬಿಡಲೊಲ್ಲದ ಕಾರಣ ಮೂವರೂ ತೀರಿಕೊಂಡುದನ್ನು ಕಂಡ ಮೇಲೆ ಆಕೆಯು ಅಮೆರಿಕಕ್ಕೆ ಹೋಗಿ 1899ರಲ್ಲಿ ಪದವಿ ಪಡೆದು ಬಂದರು. 1918ರಲ್ಲಿ ವೆಲ್ಲೂರಿನಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯನ್ನು ತೆರೆದರು. ಕಣ್ಣಿನಿಂದ ಕಂಡದ್ದು ಮನಸ್ಸನ್ನು ನಿಶ್ಚಯಪಡಿಸುವುದು ಹೀಗೆ. ಕೆಲವರಲ್ಲಿ ಇದೇ ನೋಟವು "ಇದು ನನ್ನ ಮಾರ್ಗವಲ್ಲ" ಎಂಬ ನಿಶ್ಚಯವನ್ನು ಕೊಡುವುದೂ ಉಂಟು. ಎರಡೂ ಉಪಕಾರವೇ.

ಈಗ ಅನುಭವದ ವಿಧಗಳನ್ನು ನೋಡೋಣ. ಎಲ್ಲಕ್ಕಿಂತ ಸುಲಭವಾದದ್ದು ವೈದ್ಯರನ್ನು ನೆರಳಿನಂತೆ ಹಿಂಬಾಲಿಸುವುದು. ವಿದ್ಯಾರ್ಥಿನಿಯು ಒಬ್ಬ ವೈದ್ಯರ ಅಪ್ಪಣೆ ಪಡೆದು, ರೋಗಿಯ ಸಮ್ಮತಿಯಿದ್ದಲ್ಲಿ ಮಾತ್ರ ಕೋಣೆಯೊಳಗೆ ನಿಂತು, ನಡೆಯುವುದನ್ನು ನೋಡುವಳು. ತಾನು ಏನನ್ನೂ ಮಾಡಳು. ಇದರಿಂದ ವೈದ್ಯರ ದಿನಚರ್ಯೆಯು ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯ ಬೆರಗಿಗೆ ಮಾತ್ರ ಮರುಳಾಗದೆ, ಮಧುಮೇಹ ರಕ್ತದೊತ್ತಡಗಳನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸಾಮಾನ್ಯ ವೈದ್ಯರ ಬಳಿಯಲ್ಲಿಯೂ ಕೆಲವು ದಿನ ನಿಲ್ಲುವುದು ಯುಕ್ತ. ಆದರೆ ನೋಟದಿಂದ ವೈದ್ಯರ ಪರಿಚಯವಾದಷ್ಟು ರೋಗಿಯ ಪರಿಚಯವಾಗದು.

ಎರಡನೆಯದು ಆಸ್ಪತ್ರೆಯಲ್ಲಿ ಸ್ವಯಂಸೇವೆ. ಅಲ್ಲಿನ ಬಹುತೇಕ ಆಸ್ಪತ್ರೆಗಳಲ್ಲಿ ಇದಕ್ಕಾಗಿಯೇ ಒಂದು ಕಚೇರಿ ಇರುತ್ತದೆ. ಸೇರುವವಳು ಲಸಿಕೆಗಳ ದಾಖಲೆಯನ್ನು ತೋರಿಸಿ, ಕ್ಷಯರೋಗದ ಪರೀಕ್ಷೆ ಮಾಡಿಸಿಕೊಂಡು, ರೋಗಿಗಳ ವಿಷಯವನ್ನು ಹೊರಗೆ ಆಡುವುದಿಲ್ಲವೆಂದು ಬರೆದುಕೊಡಬೇಕು. ವಾರಕ್ಕೆ ಇಷ್ಟು ಗಂಟೆಯಂತೆ ಕೆಲವು ತಿಂಗಳು ತಪ್ಪದೆ ಬರುವೆನೆಂದು ಒಪ್ಪಬೇಕು. ಗಾಲಿಕುರ್ಚಿಯನ್ನು ತಳ್ಳುವುದು, ಕಂಬಳಿ ತಂದುಕೊಡುವುದು, ದಾರಿ ತೋರಿಸುವುದು, ಒಂಟಿಯಾಗಿರುವ ವೃದ್ಧೆಯೊಡನೆ ಕುಳಿತು ಮಾತನಾಡುವುದು, ಇವೇ ಅಲ್ಲಿನ ಕೆಲಸಗಳು. ಇವು ಕೀಳೆಂದು ಬೇಸರಪಡುವವಳು ಮುಂದೆಯೂ ಬೇಸರಪಟ್ಟಾಳು.

ಮೂರನೆಯದು ಸಂಬಳದ ಕೆಲಸ. ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ ಎಂಬ ಸಹಾಯಕಿಯು ರೋಗಿಗೆ ಸ್ನಾನ ಮಾಡಿಸಿ, ಉಣಿಸಿ, ಹಾಸಿಗೆಯಲ್ಲಿ ಹೊರಳಿಸಿ, ಮಲಮೂತ್ರಗಳನ್ನು ತೆಗೆಯುವಳು. ಇದಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ನಿಯಮದಂತೆ ಕನಿಷ್ಠ 75 ಗಂಟೆಗಳ ಶಿಕ್ಷಣ ಬೇಕು. ಅದರಲ್ಲಿ 16 ಗಂಟೆಗಳಾದರೂ ಮೇಲ್ವಿಚಾರಣೆಯಲ್ಲಿ ಕೈಯಾರೆ ಮಾಡಿ ಕಲಿತದ್ದಾಗಿರಬೇಕು. ಹಲವು ಸಂಸ್ಥಾನಗಳು ಇದಕ್ಕಿಂತ ಹೆಚ್ಚನ್ನು ಕೇಳುವುವು. ಎಮರ್ಜೆನ್ಸಿ ಮೆಡಿಕಲ್ ಟೆಕ್ನೀಷಿಯನ್ ಎಂಬುವರು ಆಂಬುಲೆನ್ಸಿನಲ್ಲಿ ಹೋಗಿ ಮೊದಲ ಚಿಕಿತ್ಸೆಯನ್ನು ಕೊಡುವರು. ಸ್ಕ್ರೈಬ್ ಎಂಬ ಬರಹಗಾರ್ತಿಯು ವೈದ್ಯರ ಪಕ್ಕದಲ್ಲಿದ್ದು, ರೋಗಿಯ ಹೇಳಿಕೆಯನ್ನೂ ಪರೀಕ್ಷೆಯ ವಿವರವನ್ನೂ ಗಣಕಯಂತ್ರದಲ್ಲಿ ದಾಖಲಿಸುವಳು. ವೈದ್ಯರು ಯೋಚಿಸುವ ಬಗೆಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಸ್ಥಾನ ವಿರಳ. ಸಂಬಳ ಪಡೆದ ಮಾತ್ರಕ್ಕೆ ಅನುಭವದ ಬೆಲೆ ಕುಗ್ಗದು. ಓದಿನ ಖರ್ಚನ್ನು ತಾನೇ ದುಡಿದು ಭರಿಸಬೇಕಾದ ಮಗಳು ಇದಕ್ಕಾಗಿ ಸಂಕೋಚಪಡಬೇಕಾಗಿಲ್ಲ. ವಿದ್ಯಾರ್ಥಿ ವೀಸಾದ ಮೇಲೆ ಇಲ್ಲಿಂದ ಹೋದವರು ಮಾತ್ರ, ಸಂಬಳದ ಯಾವ ಕೆಲಸಕ್ಕೂ ಒಪ್ಪುವ ಮೊದಲು ತಮ್ಮ ವಿಶ್ವವಿದ್ಯಾನಿಲಯದ ವಿದೇಶೀ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಅಂಥವರನ್ನು ಸೇರಿಸಿಕೊಳ್ಳದ ವೈದ್ಯಕೀಯ ಕಾಲೇಜುಗಳೂ ಅಲ್ಲಿ ಅನೇಕ; ಇದನ್ನು ಮೊದಲೇ ತಿಳಿದಿರುವುದು ಮೇಲು.

ನಾಲ್ಕನೆಯದು ಹಾಸ್ಪಿಸ್, ಎಂದರೆ ಗುಣವಾಗದ ರೋಗದಲ್ಲಿ ಕೊನೆಯ ದಿನಗಳನ್ನು ಕಳೆಯುವವರ ಶುಶ್ರೂಷೆ. ಅಮೆರಿಕದ ಮೆಡಿಕೇರ್ ಯೋಜನೆಯಿಂದ ಹಣ ಪಡೆಯುವ ಹಾಸ್ಪಿಸ್‌ಗಳು, ತಮ್ಮ ಸಿಬ್ಬಂದಿಯು ರೋಗಿಗಳಿಗಾಗಿ ದುಡಿಯುವ ಗಂಟೆಗಳ 5 ಪಾಲು ನೂರರಷ್ಟನ್ನಾದರೂ ಸ್ವಯಂಸೇವಕರಿಂದ ಸಲ್ಲಿಸಬೇಕೆಂಬ ನಿಯಮವಿದೆ. ಆದಕಾರಣ ಅಲ್ಲಿ ಸ್ವಯಂಸೇವಕಿಗೆ ಸಾಮಾನ್ಯವಾಗಿ ಸ್ವಾಗತವುಂಟು. ಈ ಸೇವೆಯ ಆಧುನಿಕ ರೂಪಕ್ಕೆ ಕಾರಣರಾದ ಲಂಡನ್ನಿನ ಸಿಸಿಲಿ ಸಾಂಡರ್ಸ್ ಅವರೇ ನಮ್ಮ ವಿಷಯಕ್ಕೆ ಉತ್ತಮ ದೃಷ್ಟಾಂತ. ಆಕೆ ಮೊದಲು ದಾದಿಯಾಗಿದ್ದರು. ಬೆನ್ನುನೋವಿನಿಂದ ಆ ಕೆಲಸವನ್ನು ಬಿಡಬೇಕಾಗಿ, ಆಸ್ಪತ್ರೆಯಲ್ಲಿ ರೋಗಿಗಳ ಕಷ್ಟಸುಖ ವಿಚಾರಿಸುವ ಅಧಿಕಾರಿಣಿಯಾದರು. ಜೊತೆಗೆ ಮರಣಾಸನ್ನರ ಆಶ್ರಯವೊಂದರಲ್ಲಿ ಸ್ವಯಂಸೇವೆ ಮಾಡಿದರು. ಅಲ್ಲಿ ಕಂಡ ನೋವಿಗೆ ಪರಿಹಾರವನ್ನು ಹುಡುಕಬೇಕೆಂದೇ ಮೂವತ್ತು ದಾಟಿದ ಮೇಲೆ ವೈದ್ಯಶಾಲೆಯನ್ನು ಸೇರಿ, 1957ರಲ್ಲಿ ತೇರ್ಗಡೆಯಾಗಿ, 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸನ್ನು ತೆರೆದರು. ಆಕೆಯ ವೈದ್ಯವಿದ್ಯೆಗೆ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಕಳೆದ ವರ್ಷಗಳೇ ತಳಹದಿ.

ಇಂಥ ಸ್ಥಾನವನ್ನು ಹುಡುಕುವ ಬಗೆ ಹೇಗೆ? ಮೊದಲು ಕಾಲೇಜಿನಲ್ಲಿರುವ ಪ್ರಿ-ಮೆಡಿಕಲ್ ಸಲಹೆಗಾರರನ್ನು ಕಾಣಬೇಕು. ಹಿಂದಿನ ವಿದ್ಯಾರ್ಥಿಗಳು ಎಲ್ಲೆಲ್ಲಿ ಕೆಲಸ ಮಾಡಿದ್ದರೆಂಬುದು ಅವರಿಗೆ ತಿಳಿದಿರುತ್ತದೆ. ಆಮೇಲೆ ಆಸ್ಪತ್ರೆಯ ಸ್ವಯಂಸೇವಾ ಕಚೇರಿ, ಬಡವರಿಗಾಗಿ ನಡೆಯುವ ಉಚಿತ ಚಿಕಿತ್ಸಾಲಯ, ವೃದ್ಧರ ಶುಶ್ರೂಷಾಲಯ ಇವುಗಳಲ್ಲಿ ವಿಚಾರಿಸಬೇಕು. ವೈದ್ಯರಿಗೆ ಪತ್ರ ಬರೆಯುವಾಗ, ತಾನು ಯಾರು, ಯಾವ ತರಗತಿ, ಯಾವ ದಿನಗಳಲ್ಲಿ ಬಿಡುವಿದೆ, ಕೋರುವುದೇನು ಎಂಬಿಷ್ಟನ್ನು ನಾಲ್ಕಾರು ಸಾಲುಗಳಲ್ಲಿ ವಿನಯದಿಂದ ತಿಳಿಸಿದರೆ ಸಾಕು. ಹತ್ತು ಪತ್ರಗಳಿಗೆ ಉತ್ತರ ಬಾರದಿದ್ದರೂ ಎದೆಗುಂದಲಾಗದು, ವೈದ್ಯರು ಬಿಡುವಿಲ್ಲದವರು. ದೊಡ್ಡ ಆಸ್ಪತ್ರೆಯ ಹೆಸರಿಗೆ ಕಾದು ಕುಳಿತಿರುವುದಕ್ಕಿಂತ ಮನೆಯ ಸಮೀಪದ ಸಣ್ಣ ಶುಶ್ರೂಷಾಲಯದಲ್ಲಿ ವರ್ಷವಿಡೀ ತಪ್ಪದೆ ಹೋಗುವುದು ಹೆಚ್ಚು ಫಲಕಾರಿ.

ಎಷ್ಟು ಗಂಟೆಗಳು ಸಾಕು ಎಂದು ಎಲ್ಲರೂ ಕೇಳುವರು. ಎಲ್ಲ ಕಾಲೇಜುಗಳಿಗೂ ಅನ್ವಯಿಸುವ ಗೊತ್ತಾದ ಸಂಖ್ಯೆಯಿಲ್ಲ. ಬಹುತೇಕ ವೈದ್ಯಕೀಯ ಕಾಲೇಜುಗಳು ಬಳಸುವ ಸಾಮಾನ್ಯ ಅರ್ಜಿಯಲ್ಲಿ ಹೆಚ್ಚೆಂದರೆ 15 ಅನುಭವಗಳನ್ನು ಬರೆಯಬಹುದು. ಪ್ರತಿಯೊಂದಕ್ಕೂ 700 ಅಕ್ಷರಗಳ ಮಿತಿ. ಅವುಗಳಲ್ಲಿ ಮುಖ್ಯವಾದ 3ನ್ನು ಆರಿಸಿ ಇನ್ನಷ್ಟು ವಿವರಿಸಬಹುದು. ಗಂಟೆಗಳನ್ನೂ ಅಲ್ಲಿ ನಮೂದಿಸಬೇಕಾದುದು ನಿಜ. ಆದರೆ ಸಂದರ್ಶನದಲ್ಲಿ ಕೇಳುವುದು ಅವಳು ಏನನ್ನು ಕಂಡಳು, ಅದರಿಂದ ಏನನ್ನು ತಿಳಿದುಕೊಂಡಳು ಎಂಬುದನ್ನೇ. ಆದ್ದರಿಂದ ಮೊದಲ ದಿನದಿಂದಲೇ ಒಂದು ದಿನಚರಿಯಲ್ಲಿ ತಾರೀಖು, ಗಂಟೆ, ಮೇಲ್ವಿಚಾರಕರ ಹೆಸರು, ಆ ದಿನ ಮನಸ್ಸಿಗೆ ತಾಗಿದ ಸಂಗತಿ ಇವುಗಳನ್ನು ಬರೆದಿಡಬೇಕು. ರೋಗಿಯ ಹೆಸರನ್ನಾಗಲಿ ಗುರುತನ್ನಾಗಲಿ ಎಂದೂ ಬರೆಯಬಾರದು, ಚಿತ್ರವನ್ನು ತೆಗೆಯಬಾರದು. ರೋಗಿಯ ಗೋಪ್ಯವನ್ನು ಕಾಪಾಡಲು ಆ ದೇಶದಲ್ಲಿ 1996ರ ಶಾಸನವೊಂದಿದೆ. ಶಾಸನವಿಲ್ಲದಿದ್ದರೂ ಅದು ಮರ್ಯಾದೆಯ ಮಾತೇ.

ಮನೆಯಲ್ಲಿ ಕನ್ನಡವಾಡುವ ಮಕ್ಕಳಿಗೆ ಒಂದು ವಿಶೇಷ ಸೂಚನೆ. ಊರಿನಿಂದ ಬಂದ ಅಜ್ಜ ಅಜ್ಜಿಯರು ಅಲ್ಲಿನ ಆಸ್ಪತ್ರೆಯಲ್ಲಿ ಮಾತು ತಿಳಿಯದೆ ಕುಳಿತಿರುವಾಗ, ಕನ್ನಡದಲ್ಲಿ ಒಂದು ಮಾತು ಕೇಳಿದರೆ ಅವರ ಮುಖ ಅರಳುವುದು. ಅಷ್ಟು ಉಪಚಾರ ಒಳ್ಳೆಯದೇ. ಆದರೆ ಔಷಧದ ಪ್ರಮಾಣ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಮುಂತಾದುವನ್ನು ಭಾಷಾಂತರಿಸುವುದಕ್ಕೆ ತರಬೇತಿ ಪಡೆದ ದುಭಾಷಿಗಳು ಬೇಕು. ಒಂದು ಶಬ್ದ ತಪ್ಪಿದರೆ ಪ್ರಾಣಕ್ಕೆ ಅಪಾಯ.

ಇನ್ನು ನಮ್ಮ ನಾಡಿಗೆ ನೇರವಾಗಿ ಸಂಬಂಧಪಟ್ಟ ಒಂದು ಸಂಗತಿಯನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಅಮೆರಿಕದಲ್ಲಿ ಓದುವ ಮಗಳು ರಜೆಯಲ್ಲಿ ಮೈಸೂರಿಗೋ ಹುಬ್ಬಳ್ಳಿಗೋ ಬಂದಾಗ, ಡಾಕ್ಟರಾದ ಸೋದರಮಾವನ ನರ್ಸಿಂಗ್ ಹೋಮಿನಲ್ಲಿ ಕೆಲವು ವಾರ ಇದ್ದು ಅನುಭವವನ್ನು ಪಡೆಯಲೆಂದು ಮನೆಯವರು ಆಸೆಪಡುವುದು ಸಹಜ. ನಿಂತು ನೋಡುವುದರಲ್ಲಿ ದೋಷವಿಲ್ಲ. ಆದರೆ ಪ್ರೀತಿಯಿಂದ ಅವಳ ಕೈಗೆ ಸೂಜಿಯನ್ನು ಕೊಟ್ಟು ಗಾಯವನ್ನು ಹೊಲಿಯಿಸುವುದು, ಹೆರಿಗೆಯಲ್ಲಿ ಕೈಹಾಕಿಸುವುದು ಸರ್ವಥಾ ಸಲ್ಲದು. ತನ್ನ ದೇಶದಲ್ಲಿ ಮಾಡಲು ಅಪ್ಪಣೆಯಿಲ್ಲದ ಚಿಕಿತ್ಸೆಯನ್ನು ಪರದೇಶದ ರೋಗಿಯ ಮೇಲೆ ಮಾಡಬಾರದೆಂದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು ಬರಹದಲ್ಲಿಯೇ ಎಚ್ಚರಿಸಿದೆ. ಹಾಗೆ ಮಾಡಿದ್ದನ್ನು ಅರ್ಜಿಯಲ್ಲಿ ಬರೆದುಕೊಂಡರೆ ಹಾನಿಯೇ ಹೊರತು ಲಾಭವಿಲ್ಲ. ಅದಕ್ಕಿಂತ ಹೆಚ್ಚಿನ ಕಾರಣ ಇನ್ನೊಂದಿದೆ. ಬಿಳಿಯ ಅಂಗಿ ತೊಟ್ಟವರೆಲ್ಲ ಡಾಕ್ಟರೆಂದು ನಂಬಿ ಹಳ್ಳಿಯಿಂದ ಬಂದ ಬಡ ಹೆಂಗಸು ತನ್ನ ದೇಹವನ್ನು ಒಪ್ಪಿಸಿರುವಳು. ಅವಳ ಅಜ್ಞಾನವನ್ನೂ ಬಡತನವನ್ನೂ ಇನ್ನೊಬ್ಬಳ ಕಲಿಕೆಗೆ ಮೆಟ್ಟಿಲು ಮಾಡಿಕೊಳ್ಳುವುದು ನ್ಯಾಯವಲ್ಲ. "ಅಮ್ಮಾ, ನಾನು ಇನ್ನೂ ಡಾಕ್ಟರಲ್ಲ, ಓದುವ ಹುಡುಗಿ. ಇಲ್ಲಿ ನಿಂತು ನೋಡಬಹುದೇ?" ಎಂದು ಅವಳ ಭಾಷೆಯಲ್ಲಿಯೇ ಕೇಳುವುದು ಮೊದಲನೆಯ ಪಾಠವಾಗಲಿ. ಬೇಡವೆಂದರೆ ಹೊರಗೆ ಬರುವುದು ಎರಡನೆಯ ಪಾಠ.

ನಮ್ಮ ದೇಶದ ಪ್ರವೇಶ ಪರೀಕ್ಷೆಯು ಈ ಬಗೆಯ ಅನುಭವವನ್ನು ಕೇಳುವುದಿಲ್ಲ. 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳನ್ನು ರೋಗಿಗಳ ಬಳಿಗೆ ಕರೆದೊಯ್ಯುವ ಏರ್ಪಾಟು ಮಾಡಿದೆ. ಆದರೆ ಅದು ಸೇರಿದ ಮೇಲಿನ ಮಾತು. ಸೇರುವ ಮೊದಲೇ ನಮ್ಮ ಹುಡುಗಿಯರೂ ಸ್ವಲ್ಪ ಪರಿಚಯ ಮಾಡಿಕೊಳ್ಳಬಹುದು. ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾಯುವ ವಾರಗಳಲ್ಲಿ, ಸಮೀಪದ ಆಸ್ಪತ್ರೆಯ ಅಧಿಕಾರಿಗಳನ್ನು ಕೇಳಿಕೊಂಡು ಹೊರರೋಗಿಗಳ ಸಾಲಿನಲ್ಲಿ ನೆರವಾಗಬಹುದು. ವೃದ್ಧಾಶ್ರಮದಲ್ಲಿ ಪತ್ರಿಕೆಯನ್ನು ಓದಿ ಹೇಳಬಹುದು. ಬೆಂಗಳೂರಿನ ಕರುಣಾಶ್ರಯದಂತೆ ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಮನೆಗಳೂ ನಮ್ಮಲ್ಲಿವೆ. ಅಲ್ಲಿ ಕಲಿತ ತಾಳ್ಮೆಯನ್ನು ಅಂಕಗಳಿಂದ ಅಳೆಯಲಾಗದು.

ಕೊನೆಯದಾಗಿ ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಅಮೆರಿಕದಲ್ಲಿ ಸಾಲ ಮಾಡಿ ವೈದ್ಯವಿದ್ಯೆ ಮುಗಿಸಿದವರ ಸಾಲವು ಸಾಮಾನ್ಯವಾಗಿ 2 ಲಕ್ಷ ಡಾಲರಿನ ಆಸುಪಾಸಿನಲ್ಲಿರುತ್ತದೆ. ಯೌವನದ ಹತ್ತು ಹನ್ನೆರಡು ವರ್ಷಗಳು ಅದರ ಮೇಲೆ. ಇಷ್ಟನ್ನು ತೆತ್ತ ಮೇಲೆ "ಇದು ನನಗೆ ಬೇಡವಾಗಿತ್ತು" ಎಂದು ಮಗಳು ಅರಿತರೆ ಆ ದುಃಖಕ್ಕೆ ಮದ್ದಿಲ್ಲ. ಆಸ್ಪತ್ರೆಯಲ್ಲಿ ಆರು ತಿಂಗಳು ದುಡಿದು ಬಂದ ಮಗಳು, "ಅಪ್ಪಾ, ನನಗೆ ಈ ದಾರಿ ಬೇಡ" ಎಂದರೆ ಅವಳನ್ನು ಗದರಿಸಬೇಡಿರಿ. ಅವಳ ಕಾಲ ವ್ಯರ್ಥವಾಗಲಿಲ್ಲ. "ನನಗೆ ಇದೇ ಬೇಕು" ಎಂದರೆ ಆಗ ಧೈರ್ಯವಾಗಿ ಬೆಂಬಲ ಕೊಡಿರಿ. ಆ ಮಾತನ್ನು ಅವಳು ನೆರೆಹೊರೆಯವರ ಹೊಗಳಿಕೆಯಿಂದಲ್ಲ, ರೋಗಿಗಳ ಮುಖವನ್ನು ನೋಡಿ ಆಡಿರುವಳು.