‘ಲಕ್ಷ್ಮೇಶ್ವರ’ದಲ್ಲಿ ಎಷ್ಟು ಅಕ್ಷರ? ಕಂಪ್ಯೂಟರ್ ಹೇಳೋದು 11!

ಗದಗ: ಡಿಪ್ಲೊಮಾ, ಬಿಸಿಎ ಸೇರಿದ ಹುಡುಗರಿಗೆ ಪ್ರೋಗ್ರಾಮಿಂಗ್‌ನಲ್ಲಿ ಮೊದಲಿಗೆ ತಲೆ ತಿನ್ನೋ ಪಾಠ ಎರಡು: ಸ್ಟ್ರಿಂಗ್ ಮತ್ತು ಅರೇ. ಸ್ಟ್ರಿಂಗ್ ಅಂದರೆ ಸಾಲಾಗಿ ಪೋಣಿಸಿದ ಅಕ್ಷರಗಳು. ಅರೇ ಅಂದರೆ ಕಿರಾಣಿ ಅಂಗಡಿಯ ಡಬ್ಬಿಗಳಂತೆ, ನಂಬರ್ ಹಾಕಿದ ಖಾನೆಗಳ ಸಾಲು. ಎರಡನ್ನೂ ಜಿಲ್ಲೆಯ ಊರ ಹೆಸರುಗಳಲ್ಲೇ ಕಲಿಯಬಹುದು.

ಎಣಿಕೆ ಸೊನ್ನೆಯಿಂದ

ಜಿಲ್ಲೆಯ 7 ತಾಲ್ಲೂಕುಗಳನ್ನು ಅಕ್ಷರಕ್ರಮದಲ್ಲಿ ಒಂದು ಅರೇಗೆ ಹಾಕಿ. ಗಜೇಂದ್ರಗಡ 0, ಗದಗ 1, ನರಗುಂದ 2, ಮುಂಡರಗಿ 3, ರೋಣ 4, ಲಕ್ಷ್ಮೇಶ್ವರ 5, ಶಿರಹಟ್ಟಿ 6. ತಾಲ್ಲೂಕು ಏಳಿದ್ದರೂ 7ನೇ ನಂಬರಿನ ಖಾನೆ ಇಲ್ಲ. ಅದನ್ನು ಕೇಳಿದರೆ ಪೈಥಾನ್ ‘ತಪ್ಪು’ ಅಂತ ಅಲ್ಲೇ ನಿಲ್ತದೆ. ಸಿ ಭಾಷೆ ಅದನ್ನು ತಪಾಸಣೆ ಮಾಡಲ್ಲ, ಪಕ್ಕದಲ್ಲಿದ್ದ ಯಾವುದೋ ಕಸ ತಂದು ಕೊಡಬಹುದು.

ಗದಗ ಉಲ್ಟಾ ಓದಿದರೂ ಗದಗ

ಒಂದು ಪದ ಹಿಂದಿನಿಂದ ಓದಿದರೂ ಅದೇ ಬರ್ತದಾ ಅಂತ ನೋಡೋದು ಸ್ಟ್ರಿಂಗ್‌ನ ಹಳೇ ಲೆಕ್ಕ. ‘ಗದಗ’ ಪಾಸಾಗ್ತದೆ. ‘ವಿಕಟಕವಿ’ ಹಾಕಿ ನೋಡಿ, ಫೇಲ್!

ಕಾರಣ ಇಷ್ಟೇ. ಯುನಿಕೋಡ್‌ನಲ್ಲಿ ‘ವಿ’ ಒಂದು ಅಕ್ಷರ ಅಲ್ಲ, ‘ವ’ ಮತ್ತು ಗುಡಿಸು ಎಂಬ ಎರಡು ಸಂಕೇತ. ತಿರುಗಿಸಿದಾಗ ಗುಡಿಸು ‘ವ’ಕ್ಕಿಂತ ಮುಂದೆ ಬಂದು ಪದ ಕೆಡ್ತದೆ. ಹಾಗೆಯೇ ‘ಲಕ್ಷ್ಮೇಶ್ವರ’ ನಮ್ಮ ಕಣ್ಣಿಗೆ ಲ, ಕ್ಷ್ಮೇ, ಶ್ವ, ರ ಎಂಬ 4 ಅಕ್ಷರ. ಕಂಪ್ಯೂಟರಿಗೆ 11. ‘ಶಿರಹಟ್ಟಿ’ 8, ‘ಮುಂಡರಗಿ’ 7, ‘ಬೆಟಗೇರಿ’ 7.

ಅಂಗಡಿಯವರಿಗೆ ಇದರಿಂದ ಏನು?

ಗಿರಾಕಿಗಳಿಗೆ ಕಳಿಸೋ ಎಸ್‌ಎಂಎಸ್ ಇಂಗ್ಲಿಷ್‌ನಲ್ಲಿದ್ದರೆ ಒಂದಕ್ಕೆ 160 ಅಕ್ಷರ ಹಿಡೀತದೆ. ಕನ್ನಡದಲ್ಲಿದ್ದರೆ ಸಾಮಾನ್ಯವಾಗಿ 70 ಸಂಕೇತ ಮಾತ್ರ. ಕಾಗುಣಿತ, ಒತ್ತು, ಖಾಲಿ ಜಾಗ ಎಲ್ಲವೂ ಈ ಲೆಕ್ಕದಲ್ಲಿ ಸೇರ್ತವೆ. ‘ಲಕ್ಷ್ಮೇಶ್ವರ’ ಅಂತ ಬರೆದರೇ 11 ಹೋಯ್ತು. 70 ದಾಟಿದರೆ ಅದು ಎರಡು ಮೆಸೇಜ್. ಒಟ್ಟಿಗೆ ನೂರಾರು ಜನರಿಗೆ ಕಳಿಸುವವರಿಗೆ ಖರ್ಚೂ ಎರಡು ಪಟ್ಟು.

ಬಿಲ್ಲಿನಲ್ಲಿ ಹೆಸರು ಅರ್ಧಕ್ಕೆ ತುಂಡಾಗಲೂ ಇದೇ ಕಾರಣ ಇರಬಹುದು. ಪ್ರೋಗ್ರಾಂನಲ್ಲಿ ‘ಮೊದಲ 5 ಅಕ್ಷರ ಸಾಕು’ ಅಂತ ಬರೆದಿದ್ದರೆ ಲಕ್ಷ್ಮೇಶ್ವರದ ಬದಲು ‘ಲಕ್ಷ್’ ಅಂತ ಅಚ್ಚಾಗ್ತದೆ.

ದಾರಿ ಏನು?

ಮೊದಲು ಪದವನ್ನು ಅರೇಗೆ ಬಿಡಿಸಿ ಹಾಕಬೇಕು. ಒಂದೊಂದೇ ಸಂಕೇತ ತಗೊಳ್ಳಿ. ಅದು ಕಾಗುಣಿತದ ಚಿಹ್ನೆ, ಸೊನ್ನೆ ಅಥವಾ ಅರ್ಧಾಕ್ಷರದ ಚಿಹ್ನೆ (್) ಆಗಿದ್ದರೆ ಹಿಂದಿನ ಖಾನೆಗೇ ಸೇರಿಸಿ. ಹಿಂದಿನ ಖಾನೆ ಅರ್ಧಾಕ್ಷರದಲ್ಲಿ ಮುಗಿದಿದ್ದರೂ ಅಲ್ಲಿಗೇ ಸೇರಿಸಿ. ಇಲ್ಲದಿದ್ದರೆ ಹೊಸ ಖಾನೆ. ಈಗ ‘ವಿಕಟಕವಿ’ಗೆ 5 ಖಾನೆ: ವಿ, ಕ, ಟ, ಕ, ವಿ. ಖಾನೆಗಳನ್ನು ತಿರುಗಿಸಿ ನೋಡಿ, ಪಾಸ್!

ಪರೀಕ್ಷೆಗೆ ಇಂಗ್ಲಿಷ್ ಪದ ಸಾಕಾಗಬಹುದು. ಆದರೆ ಊರಿನ ಅಂಗಡಿಗೆ ಬಿಲ್ಲಿಂಗ್ ಆ್ಯಪ್ ಮಾಡಬೇಕೆಂದಿರುವ ಹುಡುಗರು ಇದನ್ನು ಒಮ್ಮೆ ಕೈಯಾರೆ ಬರೆದು ನೋಡಲೇಬೇಕು.